ದೂರದ ದಾರಿಗೆ ಯಾವ ಸೈಲೆನ್ಸರ್?

ಗಾಡಿ ಮಾತು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಬಾರಿಯ ಅಂಚೆಯಲ್ಲಿ ಸೈಲೆನ್ಸರ್‌ನದ್ದೇ ಸದ್ದು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ: ಲಾಂಗ್ ರೈಡ್‌ಗೆ ಹೊರಡುವ ಮುಂಚೆ ಕಂಪನಿ ಸೈಲೆನ್ಸರ್ ಬಿಚ್ಚಿಸಬೇಕೆ? ಬಿಚ್ಚಿಸಿದರೆ ಯಾವುದನ್ನು ಹಾಕಿಸಬೇಕು? ಊರೊಳಗೆ ಒಂದು ಸುತ್ತು ಹೊಡೆಯುವವರಿಗೆ ಕೊಡುವ ಉತ್ತರ ಬೇರೆ, ದಿನಕ್ಕೆ ಎಂಟು ಗಂಟೆ ಸೀಟಿನ ಮೇಲೆ ಕೂರುವವರಿಗೆ ಕೊಡುವ ಉತ್ತರ ಬೇರೆ. ಇಲ್ಲಿನ ಉತ್ತರಗಳೆಲ್ಲ ಎರಡನೆಯವರಿಗೆ.

ಎರಡು ಬಿಎಚ್‌ಪಿ ಜಾಸ್ತಿ ಬರ್ತದಾ?

*ಸಾರ್, ನನ್ನದು 2022ರ ಕ್ಲಾಸಿಕ್ 350. ಡಿಸೆಂಬರ್‌ನಲ್ಲಿ ಸ್ನೇಹಿತರೆಲ್ಲ ಮಂಡ್ಯದಿಂದ ಶಿರಸಿ ಮೇಲೆ ಗೋಕರ್ಣಕ್ಕೆ ಹೊರಟಿದ್ದೇವೆ. ಗ್ಯಾರೇಜಿನವರು ‘ಬೆಂಡ್ ಪೈಪಿಂದ ಹಿಡಿದು ಫುಲ್ ಸಿಸ್ಟಂ ಹಾಕಿಸಿಬಿಡು, ಎರಡು ಬಿಎಚ್‌ಪಿ ಜಾಸ್ತಿ ಬರ್ತದೆ’ ಅಂತಾರೆ. ನನ್ನ ಗೆಳೆಯ ‘ಬ್ಯಾಕ್ ಪ್ರೆಷರ್ ಹೋದ್ರೆ ಪಿಕಪ್ಪೂ ಹೋಗ್ತದೆ’ ಅಂತಾನೆ. ಯಾರ ಮಾತು ನಂಬೋದು?*
— ಡಿಪ್ಲೊಮಾ ವಿದ್ಯಾರ್ಥಿ, ಮಂಡ್ಯ

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಎರಡು ಅರ್ಧ ಕೂಡಿಸಿದರೂ ಒಂದು ಪೂರ್ತಿ ಸತ್ಯ ಆಗುವುದಿಲ್ಲ, ಅದೇ ತೊಂದರೆ.

ನಾವು ಒಟ್ಟಾಗಿ ಸೈಲೆನ್ಸರ್ ಎಂದು ಕರೆಯುವುದರಲ್ಲಿ ಮೂರು ಭಾಗಗಳಿವೆ. ಎಂಜಿನ್ ಹೆಡ್‌ನಿಂದ ಹೊರಡುವುದು ಬೆಂಡ್ ಪೈಪ್. ನಡುವೆ ಕೂತಿರುವುದು ಕ್ಯಾಟಲಿಟಿಕ್ ಕನ್ವರ್ಟರ್. ಕಾರ್ಬನ್ ಮೊನಾಕ್ಸೈಡ್, ಸುಡದೆ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್‌ಗಳ ವಿಷ ತಗ್ಗಿಸುವುದು ಅದರ ಕೆಲಸ. ಕೊನೆಯ ಡಬ್ಬಿ ಮಫ್ಲರ್. ಸದ್ದು ಅಡಗುವುದು ಅಲ್ಲಿ. ಫುಲ್ ಸಿಸ್ಟಂ ಅಂದರೆ ಮೂರನ್ನೂ ಕಿತ್ತು ಹೊಸದು ಹಾಕುವುದು. ಅಂಗಡಿಯಲ್ಲಿ ಸಿಗುವ ಬಹುಪಾಲು ಫುಲ್ ಸಿಸ್ಟಂಗಳಲ್ಲಿ ಕನ್ವರ್ಟರ್ ಇರುವುದೇ ಇಲ್ಲ. ಸ್ಲಿಪ್-ಆನ್ ಅಂದರೆ ಕೊನೆಯ ಡಬ್ಬಿ ಮಾತ್ರ ಬದಲು.

ಬೆಂಡ್ ಪೈಪಿನಲ್ಲಿ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಏಟು ಏಟಾಗಿ ನುಗ್ಗುತ್ತದೆ. ಒಂದು ಏಟು ಜೋರಾಗಿ ಹೊರಟರೆ ಅದರ ಹಿಂದೆ ಒತ್ತಡ ತಗ್ಗುತ್ತದೆ. ಟ್ಯೂಬಿಗೆ ಬಾಯಿ ಹಚ್ಚಿ ಒಮ್ಮೆ ಎಳೆದು ಬಿಟ್ಟರೆ ಡ್ರಮ್ಮಿನ ಡೀಸೆಲ್ ತಾನಾಗಿ ಹರಿದು ಬರುವಂತೆ, ಆ ತಗ್ಗಿದ ಒತ್ತಡ ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗಿ ಹೊಸ ಗಾಳಿ-ಪೆಟ್ರೋಲಿಗೆ ಜಾಗ ಮಾಡಿಕೊಡುತ್ತದೆ. ಯಾವ ಆರ್‌ಪಿಎಂನಲ್ಲಿ ಈ ಎಳೆತ ಚೆನ್ನಾಗಿ ಸಿಗಬೇಕು ಎಂಬುದು ಪೈಪಿನ ಉದ್ದ ಮತ್ತು ಒಳಗಿನ ಅಗಲದ ಲೆಕ್ಕ. ಪೈಪ್ ಅಗಲವಾದರೆ ಕೆಳಗಿನ ಆರ್‌ಪಿಎಂನಲ್ಲಿ ಹೊಗೆಯ ವೇಗ ಇಳಿಯುತ್ತದೆ, ಎಳೆತ ಸಡಿಲವಾಗುತ್ತದೆ. ಪಿಕಪ್ ಹೋಗುತ್ತದೆ ಎಂದು ನಿಮ್ಮ ಗೆಳೆಯ ಹೇಳಿದ್ದು ಸರಿ, ಕಾರಣ ಮಾತ್ರ ತಪ್ಪು. ಬ್ಯಾಕ್ ಪ್ರೆಷರ್ ಯಾವ ಎಂಜಿನ್‌ಗೂ ಬೇಕಿಲ್ಲ. ಬೇಕಿರುವುದು ಈ ಎಳೆತ.

ಈಗ ಗ್ಯಾರೇಜಿನವರ ಎರಡು ಬಿಎಚ್‌ಪಿ. ನಿಮ್ಮ 349 ಸಿಸಿ ಎಂಜಿನ್ 20.2 ಬಿಎಚ್‌ಪಿ ಕೊಡುವುದು 6100 ಆರ್‌ಪಿಎಂನಲ್ಲಿ. 27 ನ್ಯೂಟನ್ ಮೀಟರ್ ಟಾರ್ಕ್ ಕೊಡುವುದು 4000ದಲ್ಲಿ. ಅಗಲ ಪೈಪಿನಿಂದ ಏನಾದರೂ ಲಾಭ ಬಂದರೆ ಅದು 6000ದ ಆಸುಪಾಸಿನಲ್ಲಿ ಬರುತ್ತದೆ. ಅಲ್ಲಿ ನೀವು ಗಾಡಿ ಓಡಿಸುವುದೇ ಅಪರೂಪ. ಬ್ಯಾಗು ಕಟ್ಟಿಕೊಂಡು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ದೇವಿಮನೆ ಘಟ್ಟ ಹತ್ತಿ ವಾಪಸ್ ಬರುವಾಗ ಕೈಹಿಡಿಯುವುದು 4000ದ ಟಾರ್ಕ್. ಅಗಲ ಪೈಪು ಕಸಿದುಕೊಳ್ಳುವುದೂ ಅದನ್ನೇ.

ಇನ್ನೊಂದು ವಿಷಯ ಇದೆ. ನಿಮ್ಮದು ಇಂಜೆಕ್ಷನ್ ಗಾಡಿ. ಒಂದೇ ವೇಗದಲ್ಲಿ ಓಡುವಾಗ ಅದರ ಕಂಪ್ಯೂಟರ್ (ಇಸಿಯು) ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಹೆಚ್ಚುಕಡಿಮೆ ಮಾಡಿಕೊಳ್ಳುತ್ತದೆ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಸೆನ್ಸರ್ ಬಿಟ್ಟು ಕಾರ್ಖಾನೆಯಲ್ಲಿ ತುಂಬಿದ ಲೆಕ್ಕದಂತೆ ನಡೆಯುತ್ತದೆ. ಆ ಲೆಕ್ಕ ಕಂಪನಿ ಪೈಪಿಗೆ ಹೊಂದಿಸಿದ್ದು. ಪೈಪ್ ಮಾತ್ರ ಬದಲಿಸಿ ಲೆಕ್ಕ ಹಾಗೇ ಬಿಟ್ಟರೆ, ಹೊರೆ ಹೊತ್ತು ಏರು ಹತ್ತುವ ಹೊತ್ತಿನಲ್ಲಿ ಪೆಟ್ರೋಲ್ ಕಡಿಮೆ ಬಿದ್ದು ಎಂಜಿನ್ ಕಾಯುತ್ತದೆ. ಬೆಂಡ್ ಪೈಪ್, ಕನ್ವರ್ಟರ್ ಎರಡನ್ನೂ ಮುಟ್ಟಬೇಡಿ. ಬದಲಿಸಲೇಬೇಕು ಎನಿಸಿದರೆ ಕೊನೆಯ ಡಬ್ಬಿಯ ಬಗ್ಗೆ ಮಾತ್ರ ಯೋಚಿಸಿ. ಅದಕ್ಕೂ ಮುಂದಿನ ಉತ್ತರ ಓದಿದ ಮೇಲೆ.

ಇ-ಮಾರ್ಕ್ ಇದೆ, ಕೇಸ್ ಯಾಕೆ?

*ಮಾನ್ಯರೇ, ನನ್ನ ಹಿಮಾಲಯನ್‌ಗೆ ಹೊರದೇಶದ ಸ್ಲಿಪ್-ಆನ್ ಹಾಕಿಸಿದ್ದೇನೆ. ಯುರೋಪಿನ ಇ-ಮಾರ್ಕ್ ಇದೆ, ಸದ್ದು ತಗ್ಗಿಸುವ ಡಿಬಿ ಕಿಲ್ಲರ್ ತೆಗೆದಿಲ್ಲ, ಹೊಗೆ ತಪಾಸಣೆಯ ಪಿಯುಸಿ ಪತ್ರ ಚಾಲ್ತಿಯಲ್ಲಿದೆ. ಅಂಗಡಿಯವರು ‘ರೋಡ್ ಲೀಗಲ್’ ಅಂತಲೇ ಮಾರಿದ್ದು. ಆದರೂ ಟೂರ್ ಹೋದ ಕಡೆ ಪೊಲೀಸರು ದಂಡ ಹಾಕಿದರು. ಇದು ನ್ಯಾಯವೇ?*
— ವ್ಯಾಪಾರಿ, ಮದ್ದೂರು

ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಕಾಯ್ದೆ ಪೊಲೀಸರ ಕಡೆಗಿದೆ.

ಮೊದಲು ಪಿಯುಸಿ. ಅದು ಹೊಗೆ ಅಳೆಯುತ್ತದೆ, ಸದ್ದು ಅಳೆಯುವುದಿಲ್ಲ. ಆ ಪತ್ರ ತೋರಿಸಿ ಸದ್ದಿನ ಕೇಸಿನಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ. ಎರಡನೆಯದು ಇ-ಮಾರ್ಕ್. ಅದು ಯುರೋಪಿನ ಒಪ್ಪಿಗೆ. ನಮ್ಮಲ್ಲಿ ಗಾಡಿಯ ಮಾದರಿಗೆ ಒಪ್ಪಿಗೆ ಕೊಡುವುದು ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಗಳು. ಆ ಒಪ್ಪಿಗೆ ಸಿಕ್ಕಿದ್ದು ಕಂಪನಿ ಸೈಲೆನ್ಸರ್ ಸಮೇತ ನಿಂತ ಗಾಡಿಗೆ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಗಳಿಗಿಂತ ಗಾಡಿ ಬೇರೆಯಾಗುವಂತೆ ಮಾಲೀಕ ಬದಲಾವಣೆ ಮಾಡುವಂತಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಒಪ್ಪಿಗೆ ಇಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಅಥವಾ ಎರಡನ್ನೂ ಹೇಳುತ್ತದೆ. ಸದ್ದು, ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದರೆ 190(2)ನೇ ಕಲಂ ಬೇರೆ: ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸಜೆ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ದೂರದ ಊರಿನಲ್ಲಿದ್ದಾಗ ದಂಡಕ್ಕಿಂತ ಈ ಕೊನೆಯದೇ ಹೆಚ್ಚು ಕಷ್ಟ ಕೊಡುವಂಥದ್ದು.

ಮಿತಿ ಎಷ್ಟು? 2005ರ ಏಪ್ರಿಲ್‌ನಿಂದ ಜಾರಿಗೆ ಬಂದ ಪರಿಸರ ನಿಯಮದಂತೆ, ತಯಾರಿಕೆಯ ಹಂತದಲ್ಲಿ 80ರಿಂದ 175 ಸಿಸಿವರೆಗಿನ ದ್ವಿಚಕ್ರ ವಾಹನಕ್ಕೆ 77 ಡೆಸಿಬಲ್, ಅದಕ್ಕೂ ದೊಡ್ಡದಕ್ಕೆ 80. ಡೆಸಿಬಲ್ ಲೆಕ್ಕ ನಮ್ಮ ಮಾಮೂಲಿ ಕೂಡುವ ಲೆಕ್ಕ ಅಲ್ಲ. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ. 10 ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ‘ಐದೇ ಪಾಯಿಂಟ್ ಜಾಸ್ತಿ’ ಎಂದು ಅಂಗಡಿಯವರು ಹೇಳಿದರೆ ಅದು ಸಣ್ಣ ಮಾತಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಕಂಪನಿ ಸೈಲೆನ್ಸರ್ ಗುಜರಿಗೆ ಹಾಕಿಲ್ಲವಾದರೆ ಮತ್ತೆ ಕೂರಿಸಿ. ಬದಲಿ ಬೇಕೇ ಬೇಕೆಂದರೆ ನಿಮ್ಮ ಗಾಡಿಯ ಕಂಪನಿಯೇ ಅದೇ ಮಾದರಿಗೆಂದು ಭಾರತದ ಒಪ್ಪಿಗೆ ಪಡೆದು ಮಾರುವ ಸೈಲೆನ್ಸರ್ ಇದೆಯೇ ವಿಚಾರಿಸಿ, ಒಪ್ಪಿಗೆಯ ಪ್ರತಿ ಕೇಳಿ ಪಡೆದು ಆರ್‌ಸಿ ಜೊತೆ ಇಟ್ಟುಕೊಳ್ಳಿ. ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಿ. ತಿಳಿಸದ ಬದಲಾವಣೆ ಇದ್ದ ಗಾಡಿ ಅಪಘಾತಕ್ಕೆ ಸಿಕ್ಕರೆ ಕ್ಲೇಮಿಗೆ ತಕರಾರು ಬರಬಹುದು. ‘ರೋಡ್ ಲೀಗಲ್’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಲು ಯಾರ ಒಪ್ಪಿಗೆಯೂ ಬೇಕಿಲ್ಲ.

ಸೌಂಡ್ ಇದ್ರೆ ಜನ ಜಾಗ ಬಿಡ್ತಾರೆ

*ಸಾರ್, ಎಕ್ಸ್‌ಪ್ರೆಸ್‌ವೇಯಿಂದ ನಮ್ಮನ್ನು ಇಳಿಸಿದ ಮೇಲೆ ಬೈಕ್‌ನವರಿಗೆ ಸರ್ವಿಸ್ ರೋಡೇ ಗತಿ. ಎದುರಿಂದ ರಾಂಗ್ ಸೈಡಲ್ಲಿ ಬರೋರು, ಕಬ್ಬಿನ ಟ್ರ್ಯಾಕ್ಟರ್, ದನಕರು ಎಲ್ಲಾ ಅಲ್ಲೇ. ಸೈಲೆನ್ಸರ್ ಸ್ವಲ್ಪ ಜೋರಾಗಿದ್ರೆ ದೂರದಿಂದಲೇ ಗೊತ್ತಾಗ್ತದೆ, ಅಪಘಾತ ತಪ್ಪುತ್ತೆ ಅನ್ನೋದು ನನ್ನ ಅನುಭವ. ನೀವೇನಂತೀರಿ?*
— ಗೆಜ್ಜಲಗೆರೆಯಿಂದ ಓದುಗ

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶ ಇಲ್ಲ. ನೀವು ವಿವರಿಸಿದ ಸರ್ವಿಸ್ ರೋಡಿನ ಪಾಡು ನಿಜ. ಆದರೆ ಅದಕ್ಕೆ ಮದ್ದು ಸೈಲೆನ್ಸರ್‌ನಲ್ಲಿಲ್ಲ.

ಸೈಲೆನ್ಸರ್ ಬಾಯಿ ಹಿಂದಕ್ಕಿದೆ. ಸದ್ದು ಹೆಚ್ಚು ಹೋಗುವುದು ನೀವು ದಾಟಿ ಬಂದವರ ಕಡೆಗೆ; ಅಪಾಯ ಇರುವುದು ನಿಮ್ಮ ಮುಂದೆ. ಎದುರು ಬರುವ ಕಾರಿನವನು ಗಾಜು ಏರಿಸಿ ಎಸಿ ಹಾಕಿಕೊಂಡಿರುತ್ತಾನೆ. ಎರಡು ಟ್ರೈಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರಿನ ಡ್ರೈವರ್‌ಗೆ ತನ್ನ ಎಂಜಿನ್ ಸದ್ದು, ಅದರ ಮೇಲೆ ಸ್ಪೀಕರಿನ ಹಾಡು. ನಿಮ್ಮ ಗುಡುಗುಡು ಅವನಿಗೆ ಮುಟ್ಟುವಷ್ಟರಲ್ಲಿ ನೀವು ಅವನ ಪಕ್ಕದಲ್ಲಿರುತ್ತೀರಿ. ದನಕರುಗಳ ವಿಷಯಕ್ಕೆ ಬಂದರೆ, ಹಠಾತ್ ಸದ್ದಿಗೆ ಬೆದರಿದ ಕರು ರಸ್ತೆಯ ಯಾವ ಕಡೆ ಓಡುತ್ತದೆ ಎಂದು ಹೇಳಬಲ್ಲವರು ಯಾರೂ ಇಲ್ಲ. ಉರಿಯುವ ಹೆಡ್‌ಲೈಟ್, ತಿಳಿಬಣ್ಣದ ಜಾಕೆಟ್, ಬೇಕಾದಾಗ ಒಂದು ಹಾರ್ನ್ ಮತ್ತು ಗಂಟೆಗೆ 50 ದಾಟದ ವೇಗ ಸರ್ವಿಸ್ ರೋಡಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಜೋರು ಸೈಲೆನ್ಸರ್ ಮೊದಲು ಕೆಡಿಸುವುದು ಸವಾರನ ಕಿವಿಯನ್ನೇ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಶಿಫಾರಸಿನಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆವರೆಗೆ ತಾಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧ ಆಗುತ್ತಾ ಹೋಗುತ್ತದೆ: 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಹೆದ್ದಾರಿ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದೇ 90 ದಾಟುತ್ತದೆ. ಅದರ ಮೇಲೆ ಪೈಪಿನದ್ದೂ ಸೇರಿದರೆ ಸಂಜೆಗೆ ಕಿವಿ ಗುಂಯ್ ಎನ್ನುತ್ತದೆ.

ಡೆಸಿಬಲ್ ಮೀಟರ್ ಹಿಡಿಯದ ಇನ್ನೊಂದು ಸದ್ದಿದೆ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ 3600 ಆರ್‌ಪಿಎಂನಲ್ಲಿ ಸೆಕೆಂಡಿಗೆ 30 ಸಲ ಸಿಡಿಯುತ್ತದೆ. ಟೊಳ್ಳು ಡಬ್ಬಿ ಈ ತಗ್ಗು ದನಿಗೆ ಕೂಡಿ ಮಿಡಿಯತೊಡಗಿದರೆ ‘ಊಂ’ ಎಂಬ ಮೊರೆತ ಎದೆಗೂ ತಲೆಗೂ ಹತ್ತುತ್ತದೆ. ಅಂಗಡಿಯ ಮುಂದೆ ನಿಲ್ಲಿಸಿ ಎರಡು ಸಲ ರೇಸ್ ಮಾಡಿದಾಗ ಅದು ಚಂದವೇ. ಅದೇ ಆರ್‌ಪಿಎಂನಲ್ಲಿ ಮೂರು ಗಂಟೆ ಕೂತಾಗ ತಲೆನೋವು. ದೂರದ ಸವಾರಿಗೆ ಸೈಲೆನ್ಸರ್ ಆರಿಸುವಾಗ ನಿಂತಲ್ಲಿ ಕೇಳಿ ತೀರ್ಮಾನ ಮಾಡಬೇಡಿ. ಅದೇ ಸೈಲೆನ್ಸರ್ ಹಾಕಿಸಿದವರ ಗಾಡಿಯನ್ನು ಟಾಪ್ ಗೇರಿನಲ್ಲಿ, ನಿಮ್ಮ ಮಾಮೂಲಿ ವೇಗದಲ್ಲಿ ಅರ್ಧ ಗಂಟೆ ಓಡಿಸಿ ನೋಡಿ. ಹತ್ತು ನಿಮಿಷದಲ್ಲಿ ಅದರ ಸದ್ದು ಮರೆತುಹೋದರೆ ಅದು ಟೂರಿಂಗ್ ಸೈಲೆನ್ಸರ್.

ಬ್ಯಾಗು ಕರಗಿತು

*ನಾನೂ ನನ್ನ ಮನೆಯವರೂ ರಜೆ ಸಿಕ್ಕಾಗ ಮಳವಳ್ಳಿಯಿಂದ ಕೊಳ್ಳೇಗಾಲದ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಬರುತ್ತೇವೆ. ಈ ಸಲ ಚಾಮರಾಜನಗರ, ದಿಂಬಂ ದಾಟಿ ಕೊಯಮತ್ತೂರಿನವರೆಗೆ ಹೋಗುವ ಆಸೆ. ಹೋದ ಸಲ ಸ್ಯಾಡಲ್ ಬ್ಯಾಗಿನ ತಳ ಸೈಲೆನ್ಸರ್‌ಗೆ ತಾಗಿ ಕರಗಿ ಅಂಟಿಕೊಂಡಿತು. ಮೇಲೆ ಎತ್ತಿ ಕಟ್ಟಿದ ಸೈಲೆನ್ಸರ್ ಒಳ್ಳೆಯದೋ, ಕೆಳಗಿರುವುದೋ?*
— ಶಿಕ್ಷಕಿ, ಮಳವಳ್ಳಿ

ಮೇಡಂ, ನಿಮ್ಮ ಪತ್ರ ಓದಿ ಸಂತೋಷವಾಯಿತು. ಪವರ್ರು, ಸೌಂಡು ಬಿಟ್ಟು ಕೆಲಸಕ್ಕೆ ಬೇಕಾದ್ದನ್ನು ಕೇಳಿದ್ದೀರಿ.

ಎತ್ತಿ ಕಟ್ಟಿದ ಸೈಲೆನ್ಸರ್ ಇರುವುದು ಕಲ್ಲುದಾರಿಗೆ, ನೀರು ನಿಂತ ಜಾಗಕ್ಕೆ. ಹಿಂದೆ ಕೂರುವವರ ಕಾಲಿಗೂ ಪಕ್ಕದ ಬ್ಯಾಗಿಗೂ ಅದು ಹತ್ತಿರ. ನಿಮ್ಮ ದಾರಿ ಪೂರ್ತಿ ಡಾಂಬರು, ಜೊತೆಗೆ ಇಬ್ಬರ ಸವಾರಿ. ನಿಮಗೆ ಕೆಳಗಿರುವುದೇ ಸರಿ.

ದಿಂಬಂ ಘಟ್ಟದಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ನೀವು ಹೋಗುವಾಗ ಇಳಿಯುತ್ತೀರಿ, ಬರುವಾಗ ಹತ್ತುತ್ತೀರಿ. ಹೊರೆ ಹೊತ್ತು ಕೆಳಗಿನ ಗೇರಿನಲ್ಲಿ ಹತ್ತುವಾಗ ಹೊಗೆ ಬಿಸಿ, ತಂಪು ಮಾಡುವ ಗಾಳಿ ಕಡಿಮೆ. ಪೈಪ್ ಅತಿ ಹೆಚ್ಚು ಕಾಯುವುದು ಆಗಲೇ. ತಿರುವಿನಲ್ಲಿ ಗಾಡಿ ವಾಲಿದಾಗ ಸಡಿಲವಾಗಿ ಕಟ್ಟಿದ ಬ್ಯಾಗೂ ವಾಲಿ ಡಬ್ಬಿಗೆ ತಾಗುತ್ತದೆ. ಆದ್ದರಿಂದ ಸೈಲೆನ್ಸರ್ ಬದಲಿಸುವ ಹಣದಲ್ಲಿ ಗಟ್ಟಿ ಕಬ್ಬಿಣದ ಸ್ಯಾಡಲ್ ಸ್ಟೇ ಹಾಕಿಸಿ. ಬ್ಯಾಗಿಗೂ ಡಬ್ಬಿಗೂ ನಡುವೆ ಒಂದು ಅಂಗೈ ತೂರುವಷ್ಟು ಜಾಗ ಇರಲಿ. ಇಬ್ಬರೂ ಕೂತು ಗಾಡಿ ತಗ್ಗಿದಾಗಲೂ ಆ ಜಾಗ ಉಳಿಯುತ್ತದೆಯೇ ನೋಡಿ. ಸೈಲೆನ್ಸರ್ ಇರುವ ಕಡೆ ಹಗುರ ಬ್ಯಾಗು, ಇಲ್ಲದ ಕಡೆ ದಪ್ಪ ಬ್ಯಾಗು. ಗ್ಯಾಸ್ ಡಬ್ಬಿ, ಸ್ಪ್ರೇ, ಮೊಬೈಲ್ ಪವರ್ ಬ್ಯಾಂಕ್ ಸೈಲೆನ್ಸರ್ ಕಡೆ ಬೇಡವೇ ಬೇಡ. ಮಳೆಗಾಲದಲ್ಲಿ ಬ್ಯಾಗಿನ ರೇನ್ ಕವರ್‌ನ ಅಂಚು ಜೋತುಬಿದ್ದು ಪೈಪಿಗೆ ಅಂಟುವುದೇ ಹೆಚ್ಚು, ಅದನ್ನು ಎಲಾಸ್ಟಿಕ್‌ನಿಂದ ಬಿಗಿಯಿರಿ. ಸೀರೆಯ ಸೆರಗು, ಚೂಡಿದಾರದ ವೇಲು ಹಿಂದಿನ ಚಕ್ರಕ್ಕೆ ಹೇಗೋ ಬಿಸಿ ಪೈಪಿಗೂ ಹಾಗೆಯೇ ಅಪಾಯ. ಪ್ರಯಾಣಕ್ಕೆ ಪ್ಯಾಂಟು, ಕಣಕಾಲು ಮುಚ್ಚುವ ಶೂ ಒಳ್ಳೆಯದು.

ಕೆಲವರು ಬೆಂಡ್ ಪೈಪಿಗೆ ಬಟ್ಟೆಯಂಥ ಹೀಟ್ ರ‍್ಯಾಪ್ ಸುತ್ತಿಸುತ್ತಾರೆ. ಮಳೆಯಲ್ಲಿ ಅದು ನೀರು ಕುಡಿದು ಕೂರುತ್ತದೆ, ಒಳಗೆ ಪೈಪ್ ತುಕ್ಕು ಹಿಡಿಯುತ್ತದೆ. ಕಂಪನಿಯ ತಗಡಿನ ಹೀಟ್ ಶೀಲ್ಡ್ ಸಾಕು. ಅದರ ಸ್ಕ್ರೂಗಳು ಬಿಗಿಯಾಗಿವೆಯೇ ಎಂದು ಹೊರಡುವ ಹಿಂದಿನ ದಿನ ನೋಡಿಸಿ.

ನಾವು ಬೆಳೆದ ಕಬ್ಬೇ ನಮ್ಮ ಬುಲೆಟ್‌ಗೆ ಕುತ್ತಾ?

*ನಂದು 1998ರ ಹಳೇ ಬುಲೆಟ್, ಕಾರ್ಬುರೇಟರ್ ಗಾಡಿ. ಹೋದ ವರ್ಷ ಶಾರ್ಟ್ ಸೈಲೆನ್ಸರ್ ಹಾಕಿಸ್ದೆ. ಈಗ ಎಕ್ಸಲೇಟರ್ ಬಿಟ್ಟಾಗಲೆಲ್ಲ ಪಟ ಪಟ ಅಂತ ಪಟಾಕಿ ಹೊಡೀತದೆ, ಬೆಂಡ್ ಪೈಪ್ ನೀಲಿ ಆಗೈತೆ. ಮೆಕ್ಯಾನಿಕ್ಕು ಪೆಟ್ರೋಲ್‌ಗೆ ಎಥೆನಾಲ್ ಹಾಕ್ತಾವ್ರಲ್ಲ ಅದ್ಕೇ ಅಂತಾನೆ. ಕಬ್ಬು ಬೆಳೆಯೋರು ನಾವೇ, ಏಟು ತಿನ್ನೋರೂ ನಾವೇನಾ?*
— ರೈತ, ಕೆ.ಎಂ. ದೊಡ್ಡಿ

ನಿಮ್ಮ ಮೆಕ್ಯಾನಿಕ್ ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ತಪ್ಪು ಎಥೆನಾಲಿನದ್ದಲ್ಲ.

ಎಥೆನಾಲಿನೊಳಗೇ ಆಮ್ಲಜನಕ ಇದೆ. ಒಂದು ಪಾಲು ಶುದ್ಧ ಪೆಟ್ರೋಲ್ ಸರಿಯಾಗಿ ಸುಡಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥೆನಾಲಿಗೆ 9 ಪಾಲು ಸಾಕು. ನೂರಕ್ಕೆ 20 ಎಥೆನಾಲ್ ಬೆರೆಸಿದ ಇ20ಗೆ ಸುಮಾರು 13.5. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ಇದನ್ನು ಸರಿಮಾಡಿಕೊಳ್ಳುತ್ತದೆ. ನಿಮ್ಮ ಕಾರ್ಬುರೇಟರ್‌ಗೆ ಸೆನ್ಸರ್ ಇಲ್ಲ; ಅದು ಹಳೇ ಲೆಕ್ಕದಲ್ಲೇ ಗಾಳಿ ಬಿಡುತ್ತದೆ. ಗಾಳಿ ಹೆಚ್ಚಾಗಿ ಮಿಶ್ರಣ ಲೀನ್ ಆಗುತ್ತದೆ. ಅದರ ಮೇಲೆ ನೀವು ಒಳಗಡೆ ಟೊಳ್ಳಾದ ಶಾರ್ಟ್ ಸೈಲೆನ್ಸರ್ ಹಾಕಿಸಿದಿರಿ. ಅದು ಇನ್ನಷ್ಟು ಲೀನ್ ಮಾಡಿತು. ಎಕ್ಸಲೇಟರ್ ಬಿಟ್ಟಾಗ ಸಿಲಿಂಡರಿನಲ್ಲಿ ಸರಿಯಾಗಿ ಸುಡದ ಪೆಟ್ರೋಲ್ ಬಿಸಿ ಪೈಪಿನೊಳಗೆ ಸಿಡಿಯುತ್ತದೆ. ಅದೇ ನಿಮ್ಮ ಪಟಾಕಿ.

ಈ ಕ್ರಮದಲ್ಲಿ ನೋಡಿಸಿ. ಮೊದಲು ಹೆಡ್‌ಗೂ ಬೆಂಡ್ ಪೈಪಿಗೂ ನಡುವಿನ ಗ್ಯಾಸ್ಕೆಟ್. ಎಂಜಿನ್ ತಣ್ಣಗಿರುವಾಗ ಜಾಯಿಂಟಿಗೆ ಸೋಪಿನ ನೀರು ಹಚ್ಚಿ ಸ್ಟಾರ್ಟ್ ಮಾಡಿ. ಗುಳ್ಳೆ ಎದ್ದರೆ ಅಥವಾ ಸುತ್ತ ಕಪ್ಪು ಮಸಿ ಇದ್ದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ. ಬಹಳ ಸಲ ಪಟಾಕಿಗೆ ಕಾರಣ ಇಷ್ಟೇ. ಪೈಪ್ ಬಿಚ್ಚಿದಾಗಲೆಲ್ಲ ಹೊಸ ಗ್ಯಾಸ್ಕೆಟ್ ಹಾಕಬೇಕು, ಹಳೆಯದನ್ನೇ ಒತ್ತಿ ಕೂರಿಸಬಾರದು. ಆಮೇಲೆ ಉದ್ದದ ಹಳೇ ಸೈಲೆನ್ಸರ್ ಮತ್ತೆ ಹಾಕಿ ಓಡಿಸಿ ನೋಡಿ. ಅದಾದ ಮೇಲೂ ಸ್ಪಾರ್ಕ್ ಪ್ಲಗ್ ಬೆಳ್ಳಗಿದ್ದರೆ ಕಾರ್ಬುರೇಟರಿಗೆ ಒಂದು ಅಳತೆ ದೊಡ್ಡ ಜೆಟ್ ಹಾಕಿಸಿ. ಪ್ಲಗ್ಗಿನ ತುದಿ ತಿಳಿಕಂದು ಬಣ್ಣಕ್ಕೆ ಬಂದರೆ ಸರಿಯಾಯಿತು. ಪೆಟ್ರೋಲ್ ಪೈಪು, ಕಾರ್ಬುರೇಟರಿನ ರಬ್ಬರ್ ಭಾಗಗಳನ್ನೂ ಬದಲಿಸಿ. ಹಳೇ ರಬ್ಬರ್ ಎಥೆನಾಲಿಗೆ ಉಬ್ಬುತ್ತದೆ. ಎಥೆನಾಲ್ ಗಾಳಿಯ ತೇವ ಹೀರುವುದರಿಂದ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕಿನಲ್ಲಿ ಅದೇ ಪೆಟ್ರೋಲ್ ಬಿಡಬೇಡಿ. ಮೈಲೇಜ್ ಸ್ವಲ್ಪ ಇಳಿಯುವುದು ಸಹಜ, ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ.

ಯೆಜ್ಡಿಯ ಜೋಡಿ ಸೈಲೆನ್ಸರ್

*ನಿವೃತ್ತನಾದ ಮೇಲೆ ನನ್ನ ಹಳೆಯ ಯೆಜ್ಡಿ ರೋಡ್‌ಕಿಂಗ್ ರೆಡಿ ಮಾಡಿಸಿದ್ದೇನೆ. ಮೈಸೂರಿನಲ್ಲಿ ಹುಟ್ಟಿದ ಗಾಡಿಯನ್ನು ಮಡಿಕೇರಿಯವರೆಗಾದರೂ ಓಡಿಸುವ ಆಸೆ. ಎರಡೂ ಸೈಲೆನ್ಸರ್ ತುಕ್ಕು ಹಿಡಿದಿವೆ. ಒಬ್ಬರು ‘ಒಳಗಿನ ಬ್ಯಾಫಲ್ ತೆಗೆದು ಓಡಿಸಿ, ಹಾರುತ್ತೆ’ ಎನ್ನುತ್ತಾರೆ. ಇನ್ನೊಬ್ಬರು ‘ಬುಲೆಟ್ ಸೈಲೆನ್ಸರ್ ಒಂದನ್ನೇ ವೆಲ್ಡ್ ಮಾಡಿಸಿ’ ಎನ್ನುತ್ತಾರೆ.*
— ನಿವೃತ್ತ ಬ್ಯಾಂಕ್ ನೌಕರ, ಮಂಡ್ಯ

ಎರಡೂ ಬೇಡ ಸ್ವಾಮಿ. ಫೋರ್ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಕೆಟ್ಟರೆ ಸದ್ದು ಕೆಡುತ್ತದೆ. ನಿಮ್ಮ ಯೆಜ್ಡಿಯಂಥ ಟೂ ಸ್ಟ್ರೋಕ್‌ನಲ್ಲಿ ಎಂಜಿನ್ನೇ ಕೆಡುತ್ತದೆ.

ಯೆಜ್ಡಿ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ 250 ಸಿಸಿ ಗಾಡಿಗಳಲ್ಲಿ ಸಿಲಿಂಡರ್ ಒಂದೇ ಆದರೂ ಹೊಗೆ ಹೊರಡುವ ಬಾಯಿ ಎರಡು, ಅದಕ್ಕೇ ಜೋಡಿ ಸೈಲೆನ್ಸರ್. ಟೂ ಸ್ಟ್ರೋಕ್‌ನಲ್ಲಿ ವಾಲ್ವ್ ಇರುವುದಿಲ್ಲ. ಹೊಸ ಮಿಶ್ರಣ ಒಳಗೆ ಬರುವಾಗ ಹೊಗೆಯ ಬಾಯಿ ಇನ್ನೂ ತೆರೆದೇ ಇರುತ್ತದೆ. ಸೈಲೆನ್ಸರ್ ಒಳಗಿನ ಆಕಾರದಿಂದ ವಾಪಸ್ ಬರುವ ಒತ್ತಡದ ಅಲೆ, ತಪ್ಪಿಸಿಕೊಳ್ಳಲು ಹೊರಟ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಹಿಂದಕ್ಕೆ ತಳ್ಳುತ್ತದೆ. ಈ ಎಂಜಿನ್‌ಗೆ ಸೈಲೆನ್ಸರೇ ವಾಲ್ವ್ ಎಂದರೂ ನಡೆಯುತ್ತದೆ. ಬ್ಯಾಫಲ್ ತೆಗೆದರೆ, ಉದ್ದ ಬದಲಾದರೆ ಆ ಅಲೆ ಹೊತ್ತು ತಪ್ಪಿ ಬರುತ್ತದೆ. ಹಸಿ ಪೆಟ್ರೋಲ್ ಆಚೆ ಹೋಗುತ್ತದೆ, ಎಳೆತ ಕುಸಿಯುತ್ತದೆ, ಮಿಶ್ರಣ ಲೀನ್ ಆಗಿ ಪಿಸ್ಟನ್ ಹಿಡಿದುಕೊಳ್ಳುವ ಅಪಾಯ. ಮಡಿಕೇರಿಯ ಏರಿನಲ್ಲಿ ಪಿಸ್ಟನ್ ಹಿಡಿದರೆ ಕ್ಲಚ್ ಒತ್ತಲು ಸಿಗುವುದು ಒಂದು ಗಳಿಗೆ ಮಾತ್ರ.

ಹೊರಗಿನ ತಗಡು ಗಟ್ಟಿ ಇದ್ದರೆ ಬಾಲದ ಕಡೆಯಿಂದ ಬ್ಯಾಫಲ್ ಎಳೆದು ತೆಗೆಯಿರಿ. ವರ್ಷಗಳ ಆಯಿಲ್ ಮಸಿ ರಂಧ್ರ ಮುಚ್ಚಿರುತ್ತದೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ, ಇಲ್ಲವೇ ಬೆಂಕಿಯಲ್ಲಿ ಸುಟ್ಟು ಕೆರೆದು ಮತ್ತೆ ಅದೇ ಅಳತೆಗೆ ಕೂರಿಸಿ. ಕಾಸ್ಟಿಕ್ ಸೋಡಾ ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ. ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅದನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಾಕಲೂಬೇಡಿ. ತಗಡೇ ಹೋಗಿದ್ದರೆ ಹಳೆಯದರ ಉದ್ದ, ವ್ಯಾಸ, ಒಳಗಿನ ಕೋನ್‌ನ ಅಳತೆ ಹಿಡಿದು ಅದರಂತೆಯೇ ಮಾಡಿದ ಜೋಡಿ ಕೊಳ್ಳಿ. ಒಂದು ಕಡೆ ಹಳೆಯದು, ಒಂದು ಕಡೆ ಹೊಸದು ಹಾಕಿಸಬೇಡಿ. ಮೈಸೂರು, ಬೆಂಗಳೂರಿನಲ್ಲಿ ಇಂದಿಗೂ ಯೆಜ್ಡಿ ಬಲ್ಲ ಕೈಗಳಿವೆ, ವಿಚಾರಿಸಿದರೆ ಸಿಗುತ್ತವೆ.

ಗೂಡಿನ ಕೆಳಗೆ ಗುಡುಗು

*ನಾನು ಗಾಡಿ ಓಡಿಸುವವಳಲ್ಲ. ನಮ್ಮೂರಿಗೆ ಹಕ್ಕಿ ನೋಡೋಕೆ ಬರೋ ಬೈಕಿನವರು ಮರದ ಕೆಳಗೇ ನಿಲ್ಲಿಸಿ ಡರ್ ಡರ್ ಅನ್ನಿಸ್ತಾರೆ. ಕೊಕ್ಕರೆಗಳೆಲ್ಲ ಎದ್ದು ಹಾರ್ತವೆ. ನಿಮ್ಮ ಓದುಗರಿಗೆ ಸ್ವಲ್ಪ ಬುದ್ಧಿ ಹೇಳಿ.*
— ಕೊಕ್ಕರೆ ಬೆಳ್ಳೂರಿನಿಂದ ಒಬ್ಬ ಅಜ್ಜಿ

ಹೇಳುತ್ತೇನಮ್ಮ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಇದು ಸಮುದಾಯ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾಯಿತು. ಊರಿನ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವಷ್ಟರ ಮಟ್ಟಿಗೆ ಈ ಹಕ್ಕಿಗಳು ಇಲ್ಲಿಯವರಿಗೆ ಮನೆಮಕ್ಕಳು. ಬೇಸಿಗೆಯಲ್ಲಿ ತಾಯಿಹಕ್ಕಿ ರೆಕ್ಕೆ ಬಿಡಿಸಿ ಮರಿಗೆ ನೆರಳು ಕೊಡುತ್ತದೆ. ಸದ್ದಿಗೆ ಬೆದರಿ ಅದು ಎದ್ದು ಹೋದರೆ ಮೊಟ್ಟೆ, ಮರಿ ಬಿಸಿಲಿಗೂ ಕಾಗೆಗೂ ಸಿಗುತ್ತವೆ. ಊರಿನ ಹಸು, ಎತ್ತಿನಗಾಡಿ, ಮಾತುಕತೆಗೆ ಹಕ್ಕಿಗಳು ಒಗ್ಗಿವೆ. ಹಠಾತ್ ಸಿಡಿತಕ್ಕೆ ಒಗ್ಗಿಲ್ಲ.

ಸವಾರರೇ, ರುದ್ರಾಕ್ಷಿಪುರದ ಬಳಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ಮೇಲಿನ ಗೇರಿನಲ್ಲಿ ನಿಧಾನಕ್ಕೆ ಬನ್ನಿ. ಊರ ಹೊರಗೇ ಎಂಜಿನ್ ಆಫ್ ಮಾಡಿ ನಡೆದು ಹೋಗಿ. ಮುತ್ತತ್ತಿ, ಭೀಮೇಶ್ವರಿ ಕಡೆಯ ಕಾವೇರಿ ವನ್ಯಧಾಮದ ಕಾಡುದಾರಿಯಲ್ಲೂ ಹೀಗೇ ಸದ್ದು ಮಾಡದೆ ನಿಧಾನಕ್ಕೆ ಸಾಗಿ. ಅಲ್ಲಿ ಬೆದರುವುದು ಆನೆ, ಓಡಬೇಕಾದವರು ನೀವು. ಅಜ್ಜಿ, ನೀವು ಪಂಚಾಯಿತಿಯವರಿಗೆ ಹೇಳಿ ಊರಬಾಗಿಲಲ್ಲಿ ‘ಗಾಡಿ ಇಲ್ಲೇ ನಿಲ್ಲಿಸಿ’ ಎಂಬ ಫಲಕ ಹಾಕಿಸಿ. ಶಾಲೆ, ಆಸ್ಪತ್ರೆಯ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಲು ನಿಯಮದಲ್ಲೂ ಅವಕಾಶವಿದೆ.

ಚುಟುಕಾಗಿ

*ಸ್ಟೇನ್‌ಲೆಸ್ ಸ್ಟೀಲೋ, ಟೈಟಾನಿಯಮ್ಮೋ?* — ಮಳವಳ್ಳಿ
ಸ್ಟೇನ್‌ಲೆಸ್. ಟೈಟಾನಿಯಂ ಹಗುರ, ಆದರೆ ದಾರಿಯಲ್ಲಿ ಸೀಳಿದರೆ ಊರ ವೆಲ್ಡಿಂಗ್ ಅಂಗಡಿಯಲ್ಲಿ ಬೆಸುಗೆ ಹಾಕಲು ಬರುವುದಿಲ್ಲ.

*ಸೈಲೆನ್ಸರ್ ತಳದಲ್ಲಿ ಸಣ್ಣ ತೂತಿದೆ, ಎಂಸೀಲ್ ಹಾಕಲೇ?* — ಮದ್ದೂರು
ಹೊರಗಿನ ಅಂಚು ನಯವಾಗಿದ್ದರೆ ಅದು ನೀರು ಇಳಿಯಲು ಕಂಪನಿಯೇ ಬಿಟ್ಟ ತೂತು. ಮುಚ್ಚಿದರೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ತೂತಿನ ಸುತ್ತ ತಗಡು ಪುಡಿಪುಡಿ ಉದುರುತ್ತಿದ್ದರೆ ಅದು ತುಕ್ಕಿನದ್ದು. ಆಗ ಡಬ್ಬಿ ಬದಲಿಸಿ.

*ನಾಲೆ ನೀರು ರಸ್ತೆ ಮೇಲೆ ಹರಿಯುವಾಗ ಸೈಲೆನ್ಸರ್ ಮುಳುಗಿದರೆ?* — ಮಂಡ್ಯ
ಎಂಜಿನ್ ಓಡುತ್ತಿರುವಷ್ಟು ಹೊತ್ತು ಹೊಗೆ ನೀರನ್ನು ಹೊರಗೆ ತಳ್ಳುತ್ತದೆ. ಒಂದೇ ಸಮನೆ ಥ್ರಾಟಲ್ ಹಿಡಿಯಿರಿ. ನಡುವೆ ಆಫ್ ಆದರೆ ಅಲ್ಲೇ ಸೆಲ್ಫ್ ಒತ್ತಬೇಡಿ, ತಳ್ಳಿಕೊಂಡು ದಡಕ್ಕೆ ಬನ್ನಿ. ಹರಿಯುವ ನೀರಿನ ಆಳ ಗೊತ್ತಿಲ್ಲದಿದ್ದರೆ ದಾಟಲೇಬೇಡಿ.

ಕೊನೆಯ ಪತ್ರ: ಹದಿನೈದು ಸಾವಿರ ಇದೆ

*ಟೂರ್‌ಗೆ ಮುಂಚೆ ಗಾಡಿಗೆ ಅಂತ 15 ಸಾವಿರ ಎತ್ತಿಟ್ಟಿದ್ದೇನೆ. ಸೈಲೆನ್ಸರ್‌ಗೆ ಹಾಕಲಾ ಅಂತ ಯೋಚನೆ. ಏನಂತೀರಿ?*
— ಕೂಲಿ ಗುತ್ತಿಗೆದಾರ, ಮಳವಳ್ಳಿ

ಹಿಂದಿನ ಟೈರಿನ ಸವೆತ ನೋಡಿ, ಬ್ರೇಕ್ ಪ್ಯಾಡ್ ನೋಡಿ, ಚೈನ್ ಮತ್ತು ಸ್ಪ್ರಾಕೆಟ್ ನೋಡಿ. ಸವೆದದ್ದು ಬದಲಿಸಿ. ಆಯಿಲ್, ಏರ್ ಫಿಲ್ಟರ್ ಹೊಸದು ಹಾಕಿಸಿ. ಮಸಿ ಕಟ್ಟಿದ ಫಿಲ್ಟರ್ ತೆಗೆದರೆ ಸಿಗುವ ಎಳೆತ ಎಷ್ಟೋ ಸೈಲೆನ್ಸರ್‌ಗಳು ಕೊಡುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್ ಪ್ಲಗ್ ಒಂದು ಜೊತೆ ಕೊಳ್ಳಿ, ಹಾರ್ನ್ ಕೇಳಿಸುತ್ತದೆಯೇ ಎಂದು ಊರಲ್ಲೇ ಪರೀಕ್ಷಿಸಿ ಬಳಸಿ. ಕಂಪನಿ ಸೈಲೆನ್ಸರ್‌ನ ಮುಂದಿನ ಗ್ಯಾಸ್ಕೆಟ್, ಹಿಂದಿನ ಬೋಲ್ಟ್ ಮತ್ತು ರಬ್ಬರ್ ಬುಷ್ ಬದಲಿಸಿದರೆ ಅದರ ಪಾಲಿನ ಖರ್ಚು ಮುಗಿಯಿತು. ಉಳಿದ ಹಣ ಪೆಟ್ರೋಲಿಗೆ ಇರಲಿ.

ಮುಂದಿನ ಕಂತಿನಲ್ಲಿ ಟೈರು ಮತ್ತು ಚೈನಿನ ಪ್ರಶ್ನೆಗಳಿಗೆ ಉತ್ತರ. ಬರೆಯುವವರು ಗಾಡಿಯ ಮಾದರಿ, ತಯಾರಾದ ವರ್ಷ, ಓಡಿದ ಕಿಲೋಮೀಟರ್ ಮತ್ತು ಈಗಾಗಲೇ ಮಾಡಿಸಿರುವ ಬದಲಾವಣೆಗಳನ್ನು ಬಿಡದೆ ತಿಳಿಸಿ. ಬದಲಾವಣೆ ಮುಚ್ಚಿಟ್ಟು ಕೇಳಿದ ಪ್ರಶ್ನೆಗೆ ಸರಿಯುತ್ತರ ಕೊಡುವುದು ನನ್ನಿಂದಾಗದು.